ಪಂದ್ಯ ಎರಡಕ್ಕೆ, ಶಾಲೆಯ ಗಂಟೆ ಮೂರಕ್ಕೆ: ಸ್ಕಾಟ್ಲೆಂಡಿನ ಒಂದು ಸೋಮವಾರದ ಪ್ರಕರಣ ಅಧ್ಯಯನ

ಸನ್ನಿವೇಶ

ಕೋವಿಡ್‌ನಿಂದಾಗಿ ಒಂದು ವರ್ಷ ಮುಂದಕ್ಕೆ ಹೋದರೂ ಹೆಸರಿನಲ್ಲಿ ‘ಯೂರೋ 2020’ ಆಗಿಯೇ ಉಳಿದ ಯುರೋಪಿಯನ್ ಫುಟ್‌ಬಾಲ್ ಚಾಂಪಿಯನ್‌ಷಿಪ್‌ನಲ್ಲಿ ಸ್ಕಾಟ್ಲೆಂಡಿನ ಪುರುಷರ ತಂಡ ತನ್ನ ಮೊದಲ ಪಂದ್ಯವನ್ನು 2021ರ ಜೂನ್ 14ರಂದು ಚೆಕ್ ಗಣರಾಜ್ಯದ ವಿರುದ್ಧ ಆಡಿತು. ಸ್ಥಳ ಗ್ಲಾಸ್ಗೋ ನಗರದ ಹ್ಯಾಂಪ್ಡನ್ ಪಾರ್ಕ್, ದಿನ ಸೋಮವಾರ, ಆಟ ಆರಂಭವಾದದ್ದು ಅಲ್ಲಿನ ಸಮಯ ಮಧ್ಯಾಹ್ನ ಎರಡು ಗಂಟೆಗೆ. ಬೇಸಿಗೆ ರಜೆ ಇನ್ನೂ ಬಂದಿರಲಿಲ್ಲ. ದೇಶದ ಶಾಲೆಗಳೆಲ್ಲ ತೆರೆದಿದ್ದವು, ಮಧ್ಯಾಹ್ನದ ತರಗತಿಗಳು ನಡೆಯುತ್ತಿದ್ದವು.

ಇದು ಬೇರೆ ಯಾವುದೋ ತಂಡದ ಯಾವುದೋ ಪಂದ್ಯವಾಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಸ್ಕಾಟ್ಲೆಂಡಿನ ಪುರುಷರ ತಂಡ ದೊಡ್ಡ ಟೂರ್ನಿಯೊಂದರ ಅಂತಿಮ ಹಂತದಲ್ಲಿ ಅದಕ್ಕೆ ಮುಂಚೆ ಕೊನೆಯದಾಗಿ ಕಾಣಿಸಿಕೊಂಡದ್ದು 1998ರ ಫ್ರಾನ್ಸ್ ವಿಶ್ವಕಪ್‌ನಲ್ಲಿ. ನಡುವೆ 23 ವರ್ಷ ಕಳೆದಿದ್ದವು. 2021ರಲ್ಲಿ ಶಾಲೆಯ ಕೊನೆಯ ತರಗತಿಯಲ್ಲಿದ್ದ ವಿದ್ಯಾರ್ಥಿಯೂ ಆಗ ಹುಟ್ಟಿರಲಿಲ್ಲ. 2020ರ ನವೆಂಬರ್ 12ರಂದು ಬೆಲ್‌ಗ್ರೇಡ್‌ನಲ್ಲಿ ಸೆರ್ಬಿಯಾ ವಿರುದ್ಧ ಪೆನಾಲ್ಟಿ ಷೂಟೌಟ್‌ನಲ್ಲಿ, ಗೋಲ್‌ಕೀಪರ್ ಡೇವಿಡ್ ಮಾರ್ಷಲ್ ಕೊನೆಯ ಹೊಡೆತವನ್ನು ತಡೆದಾಗ, ಸ್ಕಾಟ್ಲೆಂಡಿಗೆ ಪ್ರವೇಶ ಸಿಕ್ಕಿತ್ತು. ಆ ಪಂದ್ಯ ಚಂದಾ ಕಟ್ಟಿದವರಿಗೆ ಮಾತ್ರ ಸಿಗುವ ವಾಹಿನಿಯಲ್ಲಿ ಪ್ರಸಾರವಾದ್ದರಿಂದ ಅನೇಕ ಮನೆಗಳ ಮಕ್ಕಳು ಅದನ್ನು ನೇರವಾಗಿ ನೋಡಿರಲಿಲ್ಲ. ಜೂನ್‌ನ ಪಂದ್ಯದ ವಿಷಯ ಹಾಗಲ್ಲ. ಬ್ರಿಟನ್ನಿನ 1996ರ ಪ್ರಸಾರ ಕಾಯ್ದೆಯಡಿ ಯುರೋಪಿಯನ್ ಚಾಂಪಿಯನ್‌ಷಿಪ್‌ನ ಅಂತಿಮ ಹಂತವು ಉಚಿತ ವಾಹಿನಿಗಳಿಗೆಂದು ಕಾಯ್ದಿರಿಸಿದ ಕ್ರೀಡಾಕೂಟಗಳ ಪಟ್ಟಿಯಲ್ಲಿದೆ. ಟಿ.ವಿ. ಇರುವ ಯಾವ ಮನೆಯಲ್ಲಾದರೂ ಅದು ಕಾಣುತ್ತಿತ್ತು, ಆದರೆ ಆ ಹೊತ್ತಿಗೆ ಮಕ್ಕಳು ಮನೆಯಲ್ಲಿರಲಿಲ್ಲ. ಕ್ರೀಡಾಂಗಣಕ್ಕೆ ಸಾಂಕ್ರಾಮಿಕದ ಕಾರಣ ಸುಮಾರು ಹನ್ನೆರಡು ಸಾವಿರ ಜನರಿಗಷ್ಟೇ ಪ್ರವೇಶವಿತ್ತು. ಹೀಗಾಗಿ ಪಂದ್ಯವೆಂದರೆ ಬಹುತೇಕ ಎಲ್ಲರಿಗೂ ಟಿ.ವಿ. ಪರದೆಯೇ.

ಸರ್ಕಾರಿ ಶಾಲೆಗಳನ್ನು ಅಲ್ಲಿ 32 ಸ್ಥಳೀಯ ಆಡಳಿತಗಳು ನಡೆಸುತ್ತವೆ, ದಿನನಿತ್ಯದ ನಿರ್ಧಾರಗಳು ಮುಖ್ಯೋಪಾಧ್ಯಾಯರ ಕೈಯಲ್ಲಿರುತ್ತವೆ. ಪಂದ್ಯ ತೋರಿಸಬೇಕೆ, ಶಾಲೆಯನ್ನು ಬೇಗ ಬಿಡಬೇಕೆ, ತಡವಾಗಿ ಬಿಡಬೇಕೆ ಅಥವಾ ಏನೂ ಆಗಿಲ್ಲವೆಂಬಂತೆ ಗಣಿತದ ಪಾಠವನ್ನು ಮುಂದುವರಿಸಬೇಕೆ ಎಂಬ ಪ್ರಶ್ನೆ ಕೊನೆಗೆ ಬಂದು ನಿಂತದ್ದು ಒಂದೊಂದು ಶಾಲೆಯ ಕಚೇರಿಯ ಮೇಜಿನ ಮೇಲೆ. ಹಲವು ಶಾಲೆಗಳು ತರಗತಿಗಳಲ್ಲೇ ಪಂದ್ಯ ತೋರಿಸಿದವು. ಆ ನಿರ್ಧಾರದ ಹಿಂದಿನ ಲೆಕ್ಕಗಳನ್ನು ಬಿಡಿಸಿ ನೋಡುವುದು ಈ ಅಧ್ಯಯನದ ಉದ್ದೇಶ.

ಗಡಿಯಾರದ ಲೆಕ್ಕ

ಇಂತಹ ಚರ್ಚೆಗಳು ಸಾಮಾನ್ಯವಾಗಿ ಕ್ರೀಡೆಯ ಮಹತ್ವ, ಶಿಸ್ತು, ರಾಷ್ಟ್ರಾಭಿಮಾನ ಎಂಬ ದೊಡ್ಡ ಮಾತುಗಳಿಂದ ಆರಂಭವಾಗಿ ಅಲ್ಲೇ ಸುತ್ತುತ್ತಿರುತ್ತವೆ. ನನಗೆ ಅನ್ನಿಸುವಂತೆ ಮೊದಲು ನೋಡಬೇಕಾದದ್ದು ಗಡಿಯಾರವನ್ನು. ಎರಡು ಗಂಟೆಗೆ ಆರಂಭವಾದ ಫುಟ್‌ಬಾಲ್ ಪಂದ್ಯದ ಮೊದಲರ್ಧ ಎರಡೂಮುಕ್ಕಾಲು ದಾಟುತ್ತಿದ್ದಂತೆ ಮುಗಿಯುತ್ತದೆ. ಹದಿನೈದು ನಿಮಿಷದ ವಿರಾಮದ ನಂತರ ಉತ್ತರಾರ್ಧ ಸುಮಾರು ಮೂರು ಗಂಟೆಗೆ ಶುರುವಾಗುತ್ತದೆ. ವ್ಯರ್ಥವಾದ ಸಮಯವನ್ನು ಸೇರಿಸಿಕೊಂಡು ಪಂದ್ಯ ಪೂರ್ತಿಯಾಗುವಾಗ ಗಂಟೆ ನಾಲ್ಕರ ಸಮೀಪಕ್ಕೆ ಬಂದಿರುತ್ತದೆ. ಗುಂಪು ಹಂತದ ಪಂದ್ಯವಾದ್ದರಿಂದ ಹೆಚ್ಚುವರಿ ಆಟದ ಭಯವಿರಲಿಲ್ಲ. ಪ್ರಾಥಮಿಕ ಶಾಲೆಗಳು ಅನೇಕ ಕಡೆ ಮೂರು ಗಂಟೆಗೆ ಬಿಡುತ್ತವೆ, ಪ್ರೌಢಶಾಲೆಗಳು ಸ್ವಲ್ಪ ಆಚೀಚೆ.

ಅಂದರೆ ಶಾಲೆಯ ಗಂಟೆ ಹೊಡೆಯುವುದು ಪಂದ್ಯದ ನಡುಮಧ್ಯದಲ್ಲಿ. ಆ ದಿನ ನಡೆದದ್ದನ್ನು ಈ ಲೆಕ್ಕಕ್ಕೆ ಹೊಂದಿಸಿ ನೋಡಿದರೆ ಪರಿಣಾಮ ವಿಚಿತ್ರವಾಗಿದೆ. ಚೆಕ್ ತಂಡದ ಪ್ಯಾಟ್ರಿಕ್ ಶಿಕ್ ತಲೆಯಿಂದ ಹೊಡೆದ ಮೊದಲ ಗೋಲು ಬಂದದ್ದು 42ನೇ ನಿಮಿಷದಲ್ಲಿ. ಅದನ್ನು ತರಗತಿಯ ಮಕ್ಕಳೆಲ್ಲ ನೋಡಿರಬಹುದು. ಅದೇ ಆಟಗಾರ ನಡುಗೆರೆಯ ಹತ್ತಿರದಿಂದ, 45 ಮೀಟರ್‌ಗೂ ಹೆಚ್ಚು ದೂರದಿಂದ, ಮುಂದೆ ಬಂದು ನಿಂತಿದ್ದ ಮಾರ್ಷಲ್ ಅವರ ತಲೆಯ ಮೇಲಿಂದ ಚೆಂಡನ್ನು ಬಲೆಗೆ ಸೇರಿಸಿದ್ದು 52ನೇ ನಿಮಿಷದಲ್ಲಿ, ಅಂದರೆ ಮೂರು ಗಂಟೆ ಹತ್ತು ನಿಮಿಷದ ಸುಮಾರಿಗೆ. ಇಡೀ ಟೂರ್ನಿಯಲ್ಲಿ ಜನ ಇಂದಿಗೂ ನೆನೆಯುವ ಆ ಗೋಲು ಬಿದ್ದಾಗ ಮೂರಕ್ಕೆ ಬಿಡುವ ಶಾಲೆಯ ಮಕ್ಕಳು ಬ್ಯಾಗು ಹೆಗಲಿಗೇರಿಸಿ ದಾರಿಯಲ್ಲಿದ್ದರು. ಸ್ಕಾಟ್ಲೆಂಡ್ 0–2ರಲ್ಲಿ ಸೋತಿತು.

ಶಾಲೆ ತನ್ನ ದಿನವನ್ನು ಹೊಂದಿಸಿಕೊಳ್ಳುವುದು ಎಂದಾಗ ಎರಡು ಬೇರೆ ಬೇರೆ ಕೆಲಸಗಳನ್ನು ನಾವು ಒಂದೇ ಮಾತಿನಲ್ಲಿ ಹೇಳುತ್ತಿರುತ್ತೇವೆ. ಒಂದು, ದಿನದ ಒಳಗಿನ ಹೊತ್ತನ್ನು ಬದಲಿಸುವುದು: ಎರಡರಿಂದ ಮೂರರವರೆಗಿನ ಪಾಠದ ಜಾಗದಲ್ಲಿ ಪಂದ್ಯವನ್ನಿಡುವುದು. ಇನ್ನೊಂದು, ದಿನದ ಅಂಚುಗಳನ್ನು ಸರಿಸುವುದು: ಶಾಲೆಯನ್ನು ಬೇಗ ಬಿಡುವುದು, ತಡವಾಗಿ ತೆರೆಯುವುದು, ರಜೆ ಕೊಡುವುದು. ಮೊದಲನೆಯದರ ಮೇಲೆ ಶಾಲೆಗೆ ಪೂರ್ಣ ಅಧಿಕಾರವಿದೆ, ಅದರ ಬೆಲೆಯನ್ನೂ ಶಾಲೆಯೇ ತೆರುತ್ತದೆ. ಎರಡನೆಯದರ ಬೆಲೆಯನ್ನು ತೆರುವವರು ಬೇರೆಯವರು.

ಅಂಚುಗಳು ಯಾರವು?

ಮಧ್ಯಾಹ್ನ ಒಂದೂವರೆಗೇ ಮಕ್ಕಳನ್ನು ಬಿಟ್ಟರೆ ಅವರು ಮನೆಗೆ ಹೋಗಿ ಮೊದಲಿನಿಂದ ಕೊನೆಯವರೆಗೆ ನೋಡಬಹುದಿತ್ತಲ್ಲ ಎಂಬ ವಾದವಿದೆ. ಕೇಳಲು ಸರಳವಾದ ಈ ಮಾತು ಮನೆಯಲ್ಲಿ ಆ ಹೊತ್ತಿಗೆ ಯಾರೋ ಒಬ್ಬರು ಇದ್ದಾರೆ ಎಂದು ಊಹಿಸಿಕೊಂಡಿದೆ. ಸೋಮವಾರ ಮಧ್ಯಾಹ್ನ ಆಸ್ಪತ್ರೆಯಲ್ಲೋ ಗೋದಾಮಿನಲ್ಲೋ ಅಂಗಡಿಯಲ್ಲೋ ಪಾಳಿಯಲ್ಲಿರುವ ತಾಯಿ ಏಳು ವರ್ಷದ ಮಗುವನ್ನು ಕರೆದೊಯ್ಯಲು ಒಂದೂವರೆಗೆ ಶಾಲೆಯ ಗೇಟಿಗೆ ಬರುವುದು ಹೇಗೆ? ಕಚೇರಿಯಲ್ಲಿ ಕುಳಿತು ಕೆಲಸ ಮಾಡುವವರಿಗೆ ರಜೆ ಕೇಳುವ ಸ್ವಾತಂತ್ರ್ಯ ಸ್ವಲ್ಪವಾದರೂ ಇರುತ್ತದೆ, ಗಂಟೆಯ ಲೆಕ್ಕದಲ್ಲಿ ಕೂಲಿ ಪಡೆಯುವವರಿಗೆ ಅದು ಸಂಬಳದಲ್ಲೇ ಕಡಿತವಾಗುತ್ತದೆ. ಬೇಗ ಬಿಡುವ ಶಾಲೆ ಅತ್ಯಂತ ಕಡಿಮೆ ಅನುಕೂಲವಿರುವ ಮನೆಗಳ ಮೇಲೆ ಅತ್ಯಂತ ಹೆಚ್ಚು ಹೊರೆ ಹೊರಿಸುತ್ತದೆ. ಶಾಲಾ ಬಸ್ಸುಗಳ ಸಮಯವೂ ಗುತ್ತಿಗೆಯಲ್ಲಿ ನಿಗದಿಯಾಗಿರುತ್ತದೆ. ಒಂದು ಶಾಲೆಯ ಮುಖ್ಯೋಪಾಧ್ಯಾಯರು ಫೋನ್ ಮಾಡಿದ ಮಾತ್ರಕ್ಕೆ ಹಳ್ಳಿಗಾಡಿನ ಬಸ್ಸು ಎರಡು ಗಂಟೆ ಮುಂಚೆ ಬರುವುದಿಲ್ಲ.

ತಡವಾಗಿ ಬಿಡುವುದು ಇದರ ತಲೆಕೆಳಗಾದ ರೂಪ. ನಾಲ್ಕರವರೆಗೆ ಮಕ್ಕಳನ್ನು ಉಳಿಸಿಕೊಂಡರೆ ಪಂದ್ಯ ಪೂರ್ತಿಯಾಗುತ್ತದೆ, ಆದರೆ ಗೇಟಿನ ಹೊರಗೆ ಮೂರು ಗಂಟೆಗೇ ಬಂದು ನಿಂತ ಅಜ್ಜಿ, ಸಂಜೆಯ ಈಜು ತರಗತಿ, ತಮ್ಮನನ್ನು ಕರೆದುಕೊಂಡು ಹೋಗಬೇಕಾದ ಅಕ್ಕ, ಮೂರೂಕಾಲಿಗೆ ಕೆಲಸದ ಹೊತ್ತು ಮುಗಿಯುವ ತರಗತಿ ಸಹಾಯಕಿ, ಇವರೆಲ್ಲರ ಸಮಯವನ್ನು ಶಾಲೆ ಅವರನ್ನು ಕೇಳದೆ ತೆಗೆದುಕೊಂಡಂತಾಗುತ್ತದೆ.

ಅಂಚನ್ನು ಸರಿಸುವ ಪ್ರವೃತ್ತಿ ಎಷ್ಟು ಬೇಗ ಬೆಳೆಯುತ್ತದೆ ಎಂಬುದಕ್ಕೆ ಅದೇ ಟೂರ್ನಿಯ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಉದಾಹರಣೆ ಸಿಕ್ಕಿತು. 2021ರ ಜುಲೈ 11ರ ಭಾನುವಾರ ರಾತ್ರಿ ಎಂಟಕ್ಕೆ ಆರಂಭವಾದ ಇಂಗ್ಲೆಂಡ್–ಇಟಲಿ ಫೈನಲ್ ಹೆಚ್ಚುವರಿ ಆಟ ಮತ್ತು ಪೆನಾಲ್ಟಿಗಳವರೆಗೆ ಎಳೆದು ಹನ್ನೊಂದರ ಸುಮಾರಿಗೆ ಮುಗಿಯಿತು. ಮಾರನೆಯ ಬೆಳಿಗ್ಗೆ ಮಕ್ಕಳು ತಡವಾಗಿ ಬರಬಹುದೆಂದು ಹಲವು ಶಾಲೆಗಳು ಮುಂಚಿತವಾಗಿಯೇ ತಿಳಿಸಿದ್ದವು. ಸೆಮಿಫೈನಲ್ ನಡೆದದ್ದು ಜುಲೈ 7ಕ್ಕೆ. ಅಂದರೆ ನಿರ್ಧಾರಕ್ಕೆ ಸಿಕ್ಕ ಅವಧಿ ಮೂರು ನಾಲ್ಕು ದಿನ. ನಿದ್ದೆಗೆಟ್ಟ ಮಗುವನ್ನು ಒಂಬತ್ತಕ್ಕೆ ಕೂರಿಸಿ ಏನು ಕಲಿಸುತ್ತೀರಿ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೂ ಎಂಟು ಗಂಟೆಗೆ ಕೆಲಸಕ್ಕೆ ಹೊರಡಬೇಕಾದ ಪೋಷಕರ ಪಾಲಿಗೆ ಆ ಉದಾರತೆ ಇನ್ನೊಂದು ತಾಪತ್ರಯವೇ. ತಡವಾಗಿ ಬಂದವರನ್ನು ಗದರದೆ ಒಳಗೆ ಬಿಟ್ಟುಕೊಂಡು, ಬಾಗಿಲನ್ನು ಮಾತ್ರ ಎಂದಿನ ಸಮಯಕ್ಕೆ ತೆರೆದಿದ್ದ ಶಾಲೆಗಳ ದಾರಿ ನನಗೆ ಹೆಚ್ಚು ಸರಿಯೆನಿಸುತ್ತದೆ.

ಒಳಗಿನ ಒಂದು ಗಂಟೆ

ಈಗ ಉಳಿದ ಪ್ರಶ್ನೆ: ಅಂಚುಗಳನ್ನು ಮುಟ್ಟದೆ ಎರಡರಿಂದ ಮೂರರವರೆಗೆ ಪಂದ್ಯ ತೋರಿಸಬಹುದೇ? ಇದರ ವಿರುದ್ಧದ ಅತ್ಯಂತ ಗಟ್ಟಿ ವಾದ ಆ ವರ್ಷದ್ದೇ ಆಗಿತ್ತು. 2021ರ ಜನವರಿಯಲ್ಲಿ ಸ್ಕಾಟ್ಲೆಂಡಿನ ಬಹುತೇಕ ಮಕ್ಕಳಿಗೆ ಶಾಲೆ ಮತ್ತೆ ಮುಚ್ಚಿ ಪಾಠ ಪರದೆಗೆ ಹೋಗಿತ್ತು. ಫೆಬ್ರವರಿ 22ರಿಂದ ಚಿಕ್ಕ ತರಗತಿಗಳು ಹಿಂದಿರುಗಿದವು, ಎಲ್ಲರೂ ಪೂರ್ಣಾವಧಿಗೆ ಮರಳುವಷ್ಟರಲ್ಲಿ ಈಸ್ಟರ್ ರಜೆ ಕಳೆದಿತ್ತು. ಇಷ್ಟು ಕಳೆದುಕೊಂಡ ಮೇಲೆ ಇನ್ನೊಂದು ಗಂಟೆಯನ್ನು ಫುಟ್‌ಬಾಲ್‌ಗೆ ಕೊಡುವುದೇ ಎಂಬ ಆಕ್ಷೇಪಕ್ಕೆ ತೂಕವಿದೆ.

ತೂಕವನ್ನು ಅಳೆದೇ ನೋಡೋಣ. ನಿಯಮದಂತೆ ಅಲ್ಲಿನ ಶಾಲೆಗಳು ಮಕ್ಕಳಿಗೆ ವರ್ಷಕ್ಕೆ 190 ದಿನ ತೆರೆದಿರಬೇಕು. ಪ್ರಾಥಮಿಕ ಹಂತದಲ್ಲಿ ರೂಢಿಯಲ್ಲಿರುವ ವಾರದ ಪಾಠದ ಅವಧಿ 25 ಗಂಟೆ, ಅಂದರೆ ವರ್ಷಕ್ಕೆ ಸುಮಾರು 950 ಗಂಟೆ. ಒಂದು ಗಂಟೆ ಅದರ ಸಾವಿರದಲ್ಲೊಂದು ಪಾಲಿನಷ್ಟು. ಅದೂ ಬೇಸಿಗೆ ರಜೆಗೆ ಎರಡು ವಾರದಷ್ಟೇ ಇರುವಾಗ, ಸೋಮವಾರದ ಕೊನೆಯ ಗಂಟೆ. ಆ ಹೊತ್ತಿನಲ್ಲಿ ಎಷ್ಟು ಕಲಿಕೆ ನಡೆಯುತ್ತದೆಂದು ಪಾಠ ಮಾಡಿದ ಯಾರನ್ನಾದರೂ ಕೇಳಬಹುದು. ಇನ್ನೊಂದು ಬದಿಯಲ್ಲಿ, ತಿಂಗಳುಗಟ್ಟಲೆ ಒಂಟಿ ಪರದೆಯ ಮುಂದೆ ಕುಳಿತಿದ್ದ ಮಕ್ಕಳಿಗೆ ತರಗತಿಯ ಎಲ್ಲರೊಂದಿಗೆ ಒಂದೇ ಸಂಗತಿಗೆ ಕೂಗಿ, ಒಂದೇ ಸಂಗತಿಗೆ ಪೆಚ್ಚಾಗುವ ಅವಕಾಶ ಆ ವರ್ಷ ಎಲ್ಲಿ ಸಿಕ್ಕಿತ್ತು? ಕಳೆದುಹೋದದ್ದು ಬರೀ ಪಾಠವಾಗಿರಲಿಲ್ಲ ಎಂದು ಒಪ್ಪುವುದಾದರೆ ತುಂಬಿಕೊಡಬೇಕಾದದ್ದೂ ಬರೀ ಪಾಠವಾಗಿರಲು ಸಾಧ್ಯವಿಲ್ಲ.

ದೊಡ್ಡ ತರಗತಿಗಳ ಲೆಕ್ಕ ಬೇರೆಯಾಗಬಹುದಿತ್ತು, ಆದರೆ ಆ ವರ್ಷ ಆಗಲಿಲ್ಲ. ಪ್ರೌಢಶಾಲೆಯ ಹದಿನೈದು–ಹದಿನಾರರ ಮಕ್ಕಳು ಬರೆಯುವ ಆ ವರ್ಷದ ‘ನ್ಯಾಷನಲ್ 5’ ಪರೀಕ್ಷೆಗಳನ್ನು 2020ರ ಅಕ್ಟೋಬರಿನಲ್ಲೂ ಅದರ ಮುಂದಿನ ಹಂತದ ‘ಹೈಯರ್’ ಪರೀಕ್ಷೆಗಳನ್ನು ಡಿಸೆಂಬರಿನಲ್ಲೂ ಸರ್ಕಾರ ರದ್ದುಪಡಿಸಿತ್ತು. ಪರೀಕ್ಷಾ ಕೊಠಡಿಯ ಪಕ್ಕದ ತರಗತಿಯಿಂದ ಗೋಲಿನ ಕೂಗು ಕೇಳಿಬರುವ ಪ್ರಶ್ನೆಯೇ ಇರಲಿಲ್ಲ. ಶಿಕ್ಷಕರ ಮೇಲೆ ಮಾತ್ರ ಒತ್ತಡವಿತ್ತು: ಪರೀಕ್ಷೆಯ ಬದಲು ಅವರೇ ನಿರ್ಧರಿಸಿದ ಫಲಿತಾಂಶಗಳನ್ನು ಜೂನ್ 25ರೊಳಗೆ ಪರೀಕ್ಷಾ ಪ್ರಾಧಿಕಾರಕ್ಕೆ ಕಳುಹಿಸಬೇಕಿತ್ತು. ಪರೀಕ್ಷೆ ನಡೆಯುವ ವರ್ಷದಲ್ಲಿ ಇದೇ ನಿರ್ಧಾರವನ್ನು ಇದೇ ಆಧಾರದ ಮೇಲೆ ತೆಗೆದುಕೊಳ್ಳಲಾಗದು.

ಇಲ್ಲಿ ನನಗೆ ಒಪ್ಪಿಗೆಯಾಗದ ಒಂದು ರೂಢಿಯಿದೆ. ಪಂದ್ಯ ತೋರಿಸುವ ಶಾಲೆಗಳು ಅದಕ್ಕೆ ಪಾಠದ ವೇಷ ತೊಡಿಸಲು ಹೋಗುತ್ತವೆ: ಎದುರಾಳಿ ದೇಶದ ಭೂಪಟ ಬರೆಸುವುದು, ಚೆಂಡಿನ ವೇಗದ ಲೆಕ್ಕ ಮಾಡಿಸುವುದು, ಧ್ವಜಕ್ಕೆ ಬಣ್ಣ ಹಚ್ಚಿಸುವುದು. ಇವು ಒಳ್ಳೆಯ ಚಟುವಟಿಕೆಗಳೇ, ಬೆಳಿಗ್ಗೆ ಮಾಡಿಸಲಿ. ಪಂದ್ಯ ನಡೆಯುವಾಗ ಮಕ್ಕಳ ಕೈಗೆ ವರ್ಕ್‌ಶೀಟ್ ಕೊಟ್ಟರೆ ಪಾಠವೂ ಆಗುವುದಿಲ್ಲ, ನೋಟವೂ ಆಗುವುದಿಲ್ಲ. ಶಾಲೆಯಲ್ಲಿ ವರ್ಷಾಂತ್ಯದ ನಾಟಕ, ಕ್ರೀಡಾದಿನ, ಸಂಗೀತ ಕಾರ್ಯಕ್ರಮಗಳಿಗೆ ಗಂಟೆಗಟ್ಟಲೆ ಹೊತ್ತು ಕೊಡುವಾಗ ಯಾರೂ ಇಂತಹ ಸಬೂಬು ಹುಡುಕುವುದಿಲ್ಲ. ಈ ಒಂದು ಗಂಟೆಯನ್ನು ಒಟ್ಟಿಗೆ ಪಂದ್ಯ ನೋಡಲು ಕೊಡುತ್ತಿದ್ದೇವೆ ಎಂದು ನೇರವಾಗಿ ಹೇಳಿದರೆ ಪೋಷಕರೂ ಅದನ್ನು ನೇರವಾಗಿಯೇ ಒಪ್ಪಬಹುದು ಅಥವಾ ವಿರೋಧಿಸಬಹುದು.

ತೋರಿಸದಿರುವುದಕ್ಕೂ ಖರ್ಚಿದೆ. ಪ್ರೌಢಶಾಲೆಯ ಮಕ್ಕಳ ಜೇಬಿನಲ್ಲಿ ಫೋನುಗಳಿರುತ್ತವೆ. ಮೇಜಿನ ಕೆಳಗೆ ಪಂದ್ಯ ನಡೆಯುತ್ತದೆ, ಮೇಜಿನ ಮೇಲೆ ಪಾಠ ನಡೆದಂತೆ ಕಾಣುತ್ತದೆ. ಕೆಲವರು ಅಂದು ಬೆಳಿಗ್ಗೆಯೇ ಹೊಟ್ಟೆನೋವೆಂದು ಮನೆಯಲ್ಲಿ ಉಳಿಯುತ್ತಾರೆ. ಆಗ ಒಂದು ಗಂಟೆಯನ್ನು ಉಳಿಸಲು ಹೋದ ಶಾಲೆ ಆ ಮಕ್ಕಳ ಇಡೀ ದಿನವನ್ನು ಕಳೆದುಕೊಂಡಿರುತ್ತದೆ. ಆದರೆ ಗೈರುಹಾಜರಿಯ ಬೆದರಿಕೆಗೆ ಮಣಿದು ಪಂದ್ಯ ತೋರಿಸುವುದು ಕೆಟ್ಟ ಕಾರಣಕ್ಕೆ ಮಾಡಿದ ಒಳ್ಳೆಯ ಕೆಲಸವಾಗುತ್ತದೆ. ಮುಂದಿನ ಸಲ ಮಕ್ಕಳು ಆ ಬೆದರಿಕೆಯನ್ನೇ ಬಳಸುತ್ತಾರೆ. ಈ ವಾದವನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡರೂ ಮುಖ್ಯವೆಂದು ಭಾವಿಸುವುದಿಲ್ಲ.

ನೋಡಲು ಇಷ್ಟವಿಲ್ಲದವರು

ಫುಟ್‌ಬಾಲ್ ಎಂದರೆ ಬೇಸರಪಡುವ ಮಕ್ಕಳು ಪ್ರತಿ ತರಗತಿಯಲ್ಲೂ ಇರುತ್ತಾರೆ. ಗದ್ದಲವನ್ನು ಸಹಿಸಲಾಗದ, ದಿನಚರಿ ಬದಲಾದರೆ ಕಂಗೆಡುವ ಮಕ್ಕಳೂ ಇರುತ್ತಾರೆ. ಇವರಿಗೆ ಬೇರೆ ವ್ಯವಸ್ಥೆಯಿದೆ ಎಂದು ಪತ್ರದಲ್ಲಿ ಬರೆಯುವುದು ಸುಲಭ. ಆ ವ್ಯವಸ್ಥೆ ನಿಜವಾಗಿ ಏನು ಎಂಬುದು ಪ್ರಶ್ನೆ. ಪಂದ್ಯ ನೋಡದವರನ್ನು ಖಾಲಿ ಕೊಠಡಿಯಲ್ಲಿ ಕೂರಿಸಿ ಉಳಿದ ಪಾಠ ಮಾಡಿಕೊಳ್ಳಿ ಎಂದರೆ ಅದು ಆಯ್ಕೆಯ ಹೆಸರಿನ ಶಿಕ್ಷೆ. ಗ್ರಂಥಾಲಯ, ಚಿತ್ರಕಲೆ, ಮೈದಾನ, ಇಂತಹ ಏನಾದರೊಂದು ಇದ್ದು, ಅಲ್ಲೊಬ್ಬರು ಶಿಕ್ಷಕರು ಮನಸ್ಸಿಟ್ಟು ಇದ್ದರೆ ಮಾತ್ರ ಅದು ಆಯ್ಕೆ. 2021ರ ಜೂನ್‌ನಲ್ಲಿ ಇದು ಇನ್ನೂ ಕಷ್ಟವಾಗಿತ್ತು, ಏಕೆಂದರೆ ಸೋಂಕಿನ ಭಯದಿಂದ ಒಂದು ತರಗತಿಯ ಮಕ್ಕಳನ್ನು ಇನ್ನೊಂದರೊಂದಿಗೆ ಬೆರೆಸುವುದನ್ನು ಶಾಲೆಗಳು ತಪ್ಪಿಸುತ್ತಿದ್ದವು. ಅದೇ ಕಾರಣಕ್ಕೆ ಎಲ್ಲರನ್ನೂ ಸಭಾಂಗಣದಲ್ಲಿ ಸೇರಿಸಿ ದೊಡ್ಡ ಪರದೆಯಲ್ಲಿ ತೋರಿಸುವಂತೆಯೂ ಇರಲಿಲ್ಲ. ಪ್ರತಿ ತರಗತಿ ತನ್ನದೇ ಪರದೆಯಲ್ಲಿ ನೋಡಬೇಕಿತ್ತು. ಎಲ್ಲ ಕೊಠಡಿಗಳೂ ಒಮ್ಮೆಲೇ ಇಂಟರ್‌ನೆಟ್ಟಿನಲ್ಲಿ ಪ್ರಸಾರ ಹಚ್ಚಿದಾಗ ಶಾಲೆಯ ಜಾಲ ಕುಂಟುವುದು, ಒಂದು ಕೊಠಡಿಯ ಚಿತ್ರ ಇನ್ನೊಂದಕ್ಕಿಂತ ಕೆಲವು ಸೆಕೆಂಡು ಹಿಂದುಳಿಯುವುದು, ಪಕ್ಕದ ಕೊಠಡಿಯ ನರಳಾಟ ಕೇಳಿಯೇ ಗೋಲು ಬಿತ್ತೆಂದು ಗೊತ್ತಾಗುವುದು ಇದರ ಉಪಫಲಗಳು. ನೇರ ಪ್ರಸಾರ ತೋರಿಸಲು ಬ್ರಿಟನ್ನಿನಲ್ಲಿ ಶಾಲೆಗೂ ಟಿ.ವಿ. ಪರವಾನಗಿ ಬೇಕು, ಸಣ್ಣ ವಿಷಯ, ಆದರೆ ಹಿಂದಿನ ದಿನವೇ ನೋಡಿಕೊಳ್ಳಬೇಕಾದದ್ದು.

ಅದೇ ತಾರೀಖು, ಅದೇ ಹೊತ್ತು

ಯಾವ ಪಂದ್ಯಕ್ಕೆ ಹೊಂದಿಸಿಕೊಳ್ಳಬೇಕು, ಯಾವುದಕ್ಕೆ ಬೇಡ ಎಂಬುದನ್ನು ಉತ್ಸಾಹದ ಮೇಲೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಈ ಪ್ರಕರಣದಲ್ಲೇ ಒಂದು ಒರೆಗಲ್ಲು ಇದೆ. ಸರಿಯಾಗಿ ಎರಡು ವರ್ಷ ಹಿಂದೆ, 2019ರ ಜೂನ್ 14ರ ಶುಕ್ರವಾರ, ಬ್ರಿಟನ್ನಿನ ಸಮಯ ಮಧ್ಯಾಹ್ನ ಎರಡಕ್ಕೇ, ಫ್ರಾನ್ಸಿನ ರೆನ್ ನಗರದಲ್ಲಿ ಸ್ಕಾಟ್ಲೆಂಡಿನ ಮಹಿಳಾ ತಂಡ ಜಪಾನ್ ವಿರುದ್ಧ ವಿಶ್ವಕಪ್ ಪಂದ್ಯ ಆಡಿ 1–2ರಲ್ಲಿ ಸೋತಿತ್ತು. ಅದು ಆ ತಂಡದ ಮೊದಲ ವಿಶ್ವಕಪ್. ಅದಕ್ಕೆ ಮುಂಚೆ 2017ರ ಮಹಿಳಾ ಯೂರೋದಲ್ಲೂ ಅವರು ಆಡಿದ್ದರು. ಹೀಗಿರುವಾಗ 23 ವರ್ಷಗಳ ಕಾಯುವಿಕೆ ಎಂಬ ಮಾತು ದೇಶದ ಅರ್ಧ ಫುಟ್‌ಬಾಲ್‌ಗೆ ಮಾತ್ರ ಸಲ್ಲುತ್ತದೆ. 2021ರಲ್ಲಿ ಪಂದ್ಯ ತೋರಿಸಲು ನಿರ್ಧರಿಸುವ ಯಾವ ಶಾಲೆಯೂ ತನ್ನ ನಿಯಮ 2019ರ ಪಂದ್ಯಕ್ಕೂ ಹೊಂದುತ್ತದೆಯೇ ಎಂದು ಕೇಳಿಕೊಳ್ಳಬೇಕಿತ್ತು. ಹೊಂದದಿದ್ದರೆ ಅದು ನಿಯಮವಲ್ಲ, ಅಭಿರುಚಿ; ಅದನ್ನು ತರಗತಿಯ ಹುಡುಗಿಯರು ಯಾರೂ ಹೇಳಿಕೊಡದೆ ಗುರುತಿಸುತ್ತಾರೆ.

ಬೇರೆ ದೇಶದ ಮೂಲದ ಮಕ್ಕಳ ಪ್ರಶ್ನೆ ಇದಕ್ಕಿಂತ ಸೂಕ್ಷ್ಮವಾದದ್ದು. ಸ್ಕಾಟ್ಲೆಂಡಿನಲ್ಲಿರುವ ಬ್ರಿಟಿಷೇತರ ರಾಷ್ಟ್ರೀಯರಲ್ಲಿ ಪೋಲೆಂಡಿನವರೇ ಹೆಚ್ಚು. ಪೋಲೆಂಡ್ ಅದೇ ದಿನ ಸ್ಲೊವಾಕಿಯಾ ವಿರುದ್ಧ ಆಡಿದ್ದು ಸ್ಕಾಟ್ಲೆಂಡಿನ ಸಮಯ ಸಂಜೆ ಐದಕ್ಕೆ, ಶಾಲೆ ಬಿಟ್ಟ ಮೇಲೆ. ಒಂದು ವೇಳೆ ಆ ಪಂದ್ಯವೇ ಎರಡಕ್ಕೆ ಇದ್ದಿದ್ದರೆ? ಎಲ್ಲ ದೇಶಗಳ ಪಂದ್ಯಗಳಿಗೂ ಪಾಠ ನಿಲ್ಲಿಸಲಾಗದು. ಶಾಲೆಯ ದೊಡ್ಡ ಪಾಲಿನ ಮಕ್ಕಳನ್ನು ಒಂದುಗೂಡಿಸುವ ಪಂದ್ಯ ಎಂಬ ಅಳತೆ ಸ್ವಲ್ಪ ಒರಟಾದರೂ ಪ್ರಾಮಾಣಿಕ. ಚೆಕ್ ಮೂಲದ ಮಗುವೊಂದು ತರಗತಿಯಲ್ಲಿದ್ದರೆ ಶಿಕ್ಷಕರ ಅಂದಿನ ಜಾಣ್ಮೆಯೆಲ್ಲ 42ನೇ ನಿಮಿಷದ ನಂತರ ಬೇಕಾಗುತ್ತಿತ್ತು.

ಬೇರೆ ಕಡೆಗಳಲ್ಲಿ

ಹೋಲಿಕೆಗೆ ಕೆಲವು ಪ್ರಕರಣಗಳನ್ನು ನೋಡಬಹುದು. ಬ್ರೆಜಿಲ್ 2014ರ ವಿಶ್ವಕಪ್ಪಿಗೆ ಆತಿಥ್ಯ ವಹಿಸಿದಾಗ, ಮಧ್ಯವರ್ಷದ ಶಾಲಾ ರಜೆಯು ಟೂರ್ನಿಯ ಆರಂಭದಿಂದ ಮುಕ್ತಾಯದವರೆಗಿನ ಇಡೀ ಅವಧಿಯನ್ನು ಒಳಗೊಳ್ಳುವಂತೆ ಶಾಲಾ ಕ್ಯಾಲೆಂಡರನ್ನು ಹೊಂದಿಸಬೇಕೆಂದು 2012ರ ಕಾಯ್ದೆಯಲ್ಲೇ ಬರೆಯಿತು; ವರ್ಷಕ್ಕೆ ಕನಿಷ್ಠ 200 ಪಾಠದ ದಿನಗಳೆಂಬ ಅಲ್ಲಿನ ಶಿಕ್ಷಣ ಕಾಯ್ದೆಯ ನಿಯಮ ಹಾಗೆಯೇ ಇತ್ತು. ಇದು ಅಂಚನ್ನು ಸರಿಸಿದ್ದೇ ಹೌದು, ಆದರೆ ಎರಡು ವರ್ಷದ ಮುನ್ಸೂಚನೆಯೊಂದಿಗೆ. ಇದರ ಎದುರು ತುದಿಯಲ್ಲಿದೆ ಸೌದಿ ಅರೇಬಿಯಾ: 2022ರ ನವೆಂಬರ್ 22ರಂದು ಅರ್ಜೆಂಟೀನಾವನ್ನು ಸೋಲಿಸಿದಾಗ ಮರುದಿನವೇ ನೌಕರರಿಗೂ ವಿದ್ಯಾರ್ಥಿಗಳಿಗೂ ರಜೆಯೆಂದು ದೊರೆಯ ಆದೇಶ ಬಂತು. ಫಲಿತಾಂಶಕ್ಕೆ ಕೊಡುವ ರಜೆಗೆ ಯಾವ ಶಾಲೆಯೂ ಮುಂಚಿತವಾಗಿ ಸಿದ್ಧವಾಗಲಾರದು. ವೇಲ್ಸ್ ದೇಶದ ಶಾಲೆಗಳದ್ದು ಮಾತ್ರ ಅದೃಷ್ಟ. 1958ರ ನಂತರ ಮೊದಲ ಬಾರಿ ವಿಶ್ವಕಪ್‌ಗೆ ಬಂದ ಅವರ ತಂಡ ಅದೇ ನವೆಂಬರ್ 25ರ ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಇರಾನ್ ವಿರುದ್ಧ ಆಡಿದಾಗ ಪಂದ್ಯ ಪೂರ್ತಿಯಾಗಿ ಶಾಲೆಯ ಹೊತ್ತಿನೊಳಗೇ ಕುಳಿತಿತು.

ನಮ್ಮ ಪ್ರಕರಣಕ್ಕೆ ಹೆಚ್ಚು ಉಪಯುಕ್ತವಾದದ್ದು 2002ರ ವಿಶ್ವಕಪ್. ಜಪಾನಿನಲ್ಲಿ ಜೂನ್ 21ರಂದು ನಡೆದ ಇಂಗ್ಲೆಂಡ್–ಬ್ರೆಜಿಲ್ ಕ್ವಾರ್ಟರ್‌ಫೈನಲ್ ಬ್ರಿಟನ್ನಿನಲ್ಲಿ ಶುಕ್ರವಾರ ಬೆಳಿಗ್ಗೆ ಏಳೂವರೆಗೆ ಆರಂಭವಾಗಿ ಒಂಬತ್ತು ಗಂಟೆ ದಾಟಿ ಮುಗಿದಿತ್ತು. ಆಗ ಕೆಲವು ಶಾಲೆಗಳು ದಿನವನ್ನು ತಡವಾಗಿ ಆರಂಭಿಸಿದವು. ಇನ್ನು ಕೆಲವು ಬಾಗಿಲನ್ನು ಬೇಗ ತೆರೆದು, ಬಯಸಿದ ಮಕ್ಕಳಿಗೆ ಅಲ್ಲಿಯೇ ಪಂದ್ಯ ತೋರಿಸಿದವು. ಎರಡನೆಯ ಏರ್ಪಾಟಿನಲ್ಲಿ ಯಾವ ಪೋಷಕರ ದಿನವೂ ಕೆಡುವುದಿಲ್ಲ. ಬರುವವರು ಬೇಗ ಬರುತ್ತಾರೆ, ಬಾರದವರಿಗೆ ಎಂದಿನ ಸಮಯವಿದೆ. ಅಂಚನ್ನು ಎಲ್ಲರಿಗೂ ಸರಿಸುವುದಕ್ಕೂ ಅಂಚಿನ ಆಚೆ ಬೇಕಾದವರಿಗಾಗಿ ಬಾಗಿಲು ತೆರೆದಿಡುವುದಕ್ಕೂ ಇರುವ ಈ ವ್ಯತ್ಯಾಸ ಮೂರು ಗಂಟೆಯ ಸಮಸ್ಯೆಗೂ ಪರಿಹಾರವಾಗಬಲ್ಲದು.

ತೀರ್ಮಾನ

ನನ್ನ ತೀರ್ಮಾನ ಹೀಗೆ: ಆ ಸೋಮವಾರ ತರಗತಿಗಳಲ್ಲಿ ಪಂದ್ಯ ತೋರಿಸಿ, ಮೂರಕ್ಕೆ ಎಂದಿನಂತೆ ಗಂಟೆ ಹೊಡೆದ ಶಾಲೆಗಳ ದಾರಿ ಸರಿಯಾಗಿತ್ತು. ಸೋಂಕಿಲ್ಲದ ವರ್ಷದಲ್ಲಾದರೆ ಮೂರರ ನಂತರ ಸಭಾಂಗಣವನ್ನು ತೆರೆದಿಟ್ಟು, ಪೋಷಕರ ಲಿಖಿತ ಒಪ್ಪಿಗೆ ತಂದ ಮಕ್ಕಳಿಗೆ ಉತ್ತರಾರ್ಧವನ್ನೂ ತೋರಿಸಬಹುದಿತ್ತು. ತರಗತಿಗಳನ್ನು ಬೆರೆಸಲು ಹಿಂಜರಿಯುತ್ತಿದ್ದ 2021ರಲ್ಲಿ ಅದು ಸಾಧ್ಯವಿರಲಿಲ್ಲ. ಅರ್ಧ ಪಂದ್ಯ ನೋಡುವುದಕ್ಕಿಂತ ನೋಡದಿರುವುದೇ ಲೇಸು ಎನ್ನುವವರಿದ್ದಾರೆ. ಹತ್ತು ವರ್ಷದ ಮಕ್ಕಳನ್ನು ಕೇಳಿದರೆ ಹಾಗೆ ಹೇಳುವವರು ಸಿಗಲಾರರು.

ಇಷ್ಟಾದರೂ ಒಂದು ದೂರು ಉಳಿಯುತ್ತದೆ. ಬೆಲ್‌ಗ್ರೇಡ್‌ನ ಆ ರಾತ್ರಿಯಿಂದ ಲೆಕ್ಕ ಹಿಡಿದರೂ ಜೂನ್ 14ರ ಎರಡು ಗಂಟೆಗೆ ಏಳು ತಿಂಗಳಿದ್ದವು. ಗುಂಪಿನ ಉಳಿದ ಎರಡು ಪಂದ್ಯಗಳು, ಜೂನ್ 18ರಂದು ಇಂಗ್ಲೆಂಡ್ ವಿರುದ್ಧ ಮತ್ತು 22ರಂದು ಕ್ರೊಯೇಷಿಯಾ ವಿರುದ್ಧ, ರಾತ್ರಿ ಎಂಟಕ್ಕೆ ಇವೆಯೆಂಬುದೂ ಗೊತ್ತಿತ್ತು. ಶಾಲೆಯ ಹೊತ್ತಿಗೆ ಬರುವುದು ಒಂದೇ ಪಂದ್ಯ, ಅದೂ ಇಂಥ ದಿನವೆಂದು ಮೊದಲೇ ತಿಳಿದಿರುವಾಗ ಪೋಷಕರಿಗೆ ಪತ್ರ ಮೇ ತಿಂಗಳೊಳಗೆ ತಲುಪಿರಬೇಕಿತ್ತು. ಅದರಲ್ಲಿ ಮೂರು ವಿಷಯಗಳು ಸಾಕು: ಪಂದ್ಯ ತೋರಿಸುತ್ತೇವೆ, ಗಂಟೆಯ ಸಮಯ ಬದಲಾಗುವುದಿಲ್ಲ, ನೋಡದ ಮಕ್ಕಳು ಇಂಥ ಕೊಠಡಿಯಲ್ಲಿ ಇಂಥ ಶಿಕ್ಷಕರ ಜೊತೆ ಇರುತ್ತಾರೆ. ಮೂರನೆಯದನ್ನು ಬರೆಯಲು ಕುಳಿತಾಗ ಶಿಕ್ಷಕರ ಹೆಸರು ಹೊಳೆಯದಿದ್ದರೆ ಆ ಶಾಲೆ ಪಂದ್ಯ ತೋರಿಸಲು ಇನ್ನೂ ತಯಾರಾಗಿಲ್ಲ.